ಕೆಳಗೆ ತೋರಿಸಿದ ಬೆರಳು

ನನ್ನ ತಂಗಿ ಒಸಾಕಾದಲ್ಲಿ ಡಿಗ್ರಿ ಓದುತ್ತಾಳೆ. ಈ ಬೇಸಿಗೆ ರಜೆಗೆ ಅವಳಿಗೊಂದು ಫೆಲೋಶಿಪ್ ಸಿಕ್ಕಿತು. ಎರಡು ತಿಂಗಳು ಯಾವುದಾದರೂ ಒಂದು ಬಡಾವಣೆಯಲ್ಲಿದ್ದು, ಅಲ್ಲಿನ ಜನರ ಜೊತೆ ಸೇರಿ, ಬಣ್ಣ, ಜನಾಂಗ, ಹುಟ್ಟಿದ ದೇಶ ನೋಡಿ ಮನುಷ್ಯರನ್ನು ಬೇರೆ ಮಾಡುವ ಅನ್ಯಾಯದ ಬಗ್ಗೆ ಸಂಶೋಧನೆ ಮಾಡಬೇಕು. ಅವಳು ನಾವಿರುವ ಹಮಾಮತ್ಸುವನ್ನೇ ಆರಿಸಿಕೊಂಡಳು. ಬೈಕು, ಕಾರಿನ ಕಾರ್ಖಾನೆಗಳನ್ನು ನಂಬಿ ಬ್ರೆಜಿಲ್‌ನಿಂದ, ವಿಯೆಟ್ನಾಮಿನಿಂದ, ನಮ್ಮ ಪೀಣ್ಯದಿಂದ ಜನ ಬಂದು ಸೇರಿದ ಊರು ಇದು. ಇಂಥ ಕೆಲಸಕ್ಕೆ ಒಳ್ಳೆಯ ಊರೆಂದು ಅವಳ ಪ್ರೊಫೆಸರರೂ ಒಪ್ಪಿದರಂತೆ. ಉಳಿದುಕೊಳ್ಳುವುದಕ್ಕೆ ಅಕ್ಕನ ಮನೆಯಿತ್ತು. ಹುಡುಕುವ ಅನ್ಯಾಯವೂ ಅಕ್ಕನ ಮನೆಯಲ್ಲೇ ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಲೇತ್ ಮೆಷಿನ್ ನಡೆಸುವ ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ಜಪಾನ್ ನೋಡಿದೆ. ಈಗ ಬೆಂತೋ ಮಾಡುವ ಕಾರ್ಖಾನೆಗೆ ಹೋಗುತ್ತೇನೆ. ಕೊಂಬಿನಿ ಎಂಬ ಹಗಲಿರುಳಿನ ಅಂಗಡಿಗಳಲ್ಲಿ ಮಾರುವ ಊಟದ ಡಬ್ಬಿಗಳು ಬೆಲ್ಟಿನ ಮೇಲೆ ಬರುತ್ತವೆ, ನಾನು ಒಂದೊಂದಕ್ಕೂ ಒಂದು ತುಂಡು ಮೊಟ್ಟೆ ಇಡುತ್ತೇನೆ. ನನ್ನ ಪಕ್ಕದಲ್ಲಿ ನಿಂತು ಉಪ್ಪಿನಕಾಯಿ ಇಡುವವಳು ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿರುವ ಬ್ರೆಜಿಲ್‌ನ ಹೆಂಗಸು. ಅವಳ ಅಜ್ಜ ಜಪಾನಿನಿಂದ ಅಲ್ಲಿಗೆ ಹೋದವರು. ಹಾಗಾಗಿ ಮುಖ ಜಪಾನಿನದು, ಮಾತು ಪೋರ್ಚುಗೀಸ್. ಮುಖ ನೋಡಿದ ಅಂಗಡಿಯವರು ಅವಳ ಮುಂದೆ ಗಡಗಡ ಮಾತಾಡುತ್ತಾರೆ. ಅವಳು ಬಾಯಿ ತೆರೆದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನನ್ನ ಮುಖ ನೋಡಿದವರು ಮೊದಲೇ ಹಿಂದೆ ಸರಿದಿರುವುದರಿಂದ ನನಗೆ ಆ ಆಘಾತವಿಲ್ಲ. ಅವಳದೂ ನನ್ನದೂ ಹರಕು ಜಪಾನಿ. ಇಬ್ಬರೂ ಒಂದೇ ರೀತಿ ತಪ್ಪು ಮಾಡುವುದರಿಂದ ನಮ್ಮ ಮಾತು ನಮಗೆ ಚೆನ್ನಾಗಿ ತಿಳಿಯುತ್ತದೆ.

ಇನ್ನು ಕಸದ ವಿಷಯ. ಇಲ್ಲಿ ಸುಡುವ ಕಸಕ್ಕೆ ಒಂದು ದಿನ, ಗಾಜಿಗೆ ಒಂದು ದಿನ, ತಗಡಿಗೆ ಒಂದು ದಿನ. ಬೀದಿಯ ಮೂಲೆಯಲ್ಲಿ ಕಸ ಇಡುವ ಜಾಗವಿದೆ, ಬೆಳಿಗ್ಗೆ ಚೀಲ ಇಟ್ಟು ಮೇಲೆ ಹಸಿರು ಬಲೆ ಹೊದಿಸಬೇಕು. ಇಲ್ಲದಿದ್ದರೆ ಕಾಗೆ. ಜೂನಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಕಾರ್ಖಾನೆಯ ವ್ಯಾನು ಬರುವ ಹೊತ್ತಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ವಾರಗಟ್ಟಲೆ ನನ್ನನ್ನೇ ನೋಡುತ್ತ ಕೂತಿದ್ದ ಒಡೆದ ಗಾಜಿನ ಲೋಟ, ತಗಡಿನ ಡಬ್ಬ, ಪ್ರೆಷರ್ ಕುಕ್ಕರಿನ ಸವೆದ ಗ್ಯಾಸ್ಕೆಟ್, ಎಲ್ಲವನ್ನೂ ಅನ್ನ, ಸಿಪ್ಪೆಗಳ ಜೊತೆ ಒಂದೇ ಚೀಲಕ್ಕೆ ತುರುಕಿ, ಬಲೆಯನ್ನೂ ಹೊದಿಸದೆ ಓಡಿದೆ.

ಕಾಗೆಗಳು ಅವುಗಳ ಕೆಲಸ ಮಾಡಿದವು. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಗಾಜು ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು.

ಸಂಜೆ ನಾನು ಬಂದಾಗ ನಮ್ಮ ಮಹಡಿಯ ಮೆಟ್ಟಿಲ ಬಳಿ ಕಾಯ್ಚೋ-ಸಾನ್ ನಿಂತಿದ್ದರು. ಕಾಯ್ಚೋ ಎಂದರೆ ಬೀದಿಯ ಸಂಘದ ಅಧ್ಯಕ್ಷರು, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಜೀವಮಾನವೆಲ್ಲ ಬೈಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಬೈಯಲಿಲ್ಲ. ಸುಮಿಮಾಸೆನ್ ಎಂದು ತಾವೇ ಕ್ಷಮೆ ಕೇಳಿ, ಆ ಚೀಲ ಯಾರದೆಂದು ಗೊತ್ತೇ ಎಂದು ಕೇಳಿದರು. ಭಾಷೆ ಬರದೆ ಏನೋ ಹೇಳಿಬಿಟ್ಟೆ ಎಂದು ನಾನೀಗ ಬರೆಯಬಹುದು. ಅದು ಸುಳ್ಳು. ಅವರು ಕೇಳಿದ್ದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ನಾನು ಬಾಯಿ ತೆರೆಯಲಿಲ್ಲ. ಬೆರಳನ್ನು ಕೆಳಗೆ ತೋರಿಸಿದೆ.

ನಮ್ಮ ಮೇಲಿನ ಮನೆಯಲ್ಲಿ ಜಪಾನಿನ ಮೇಷ್ಟರೊಬ್ಬರಿದ್ದಾರೆ. ಬೆರಳು ಮೇಲಕ್ಕೂ ಹೋಗಬಹುದಿತ್ತು. ಮೇಲೆ ತೋರಿಸಿದರೆ ಕಾಯ್ಚೋ-ಸಾನ್ ನಂಬುವುದಿಲ್ಲ, ಕೆಳಗೆ ತೋರಿಸಿದರೆ ನಂಬುತ್ತಾರೆ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಅಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಮರುದಿನವೇ ಕಸದ ಜಾಗದಲ್ಲಿ ಒಂದು ದೊಡ್ಡ ಬೋರ್ಡು ಬಂತು, ಬರೀ ಪೋರ್ಚುಗೀಸಿನಲ್ಲಿ. ಕೆಳಮನೆಯವಳು ಅದನ್ನು ಓದಿ ಕೆಂಪಾದಳು. ‘ನಾನಲ್ಲ!’ ಎಂದು ಬೆಲ್ಟಿನ ಮುಂದೆ ದಿನವಿಡೀ ಹೇಳಿದಳು, ಒಂದೊಂದು ‘ನಾನಲ್ಲ’ಕ್ಕೂ ಒಂದೊಂದು ಉಪ್ಪಿನಕಾಯಿ. ಕಳ್ಳನನ್ನು ತಾನೇ ಹಿಡಿಯುತ್ತೇನೆಂದು ಕಸದ ದಿನಗಳಲ್ಲಿ ಬೆಳಿಗ್ಗೆ ಕೊಡೆ ಹಿಡಿದು ಕಾವಲು ನಿಲ್ಲತೊಡಗಿದಳು. ಒಬ್ಬಳಿಗೆ ಬೇಸರವೆಂದು ನನ್ನನ್ನೂ ಕರೆದಳು. ನಾನು ಹೋದೆ. ಒಂದು ಕೊಡೆಯ ಕೆಳಗೆ ನಾವಿಬ್ಬರೂ ನಿಂತು ನನ್ನನ್ನು ಹಿಡಿಯಲು ಕಾಯುತ್ತಿದ್ದೆವು.

‘ಸಿಕ್ಕಿದರೆ ಏನು ಮಾಡುತ್ತೀಯ?’ ಎಂದು ಒಮ್ಮೆ ಕೇಳಿದೆ.

ಕೊಡೆಯನ್ನು ಮಡಚಿ ಹೊಡೆಯುವ ಹಾಗೆ ತೋರಿಸಿದಳು. ಇಬ್ಬರೂ ನೆನೆದೆವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಆದರೆ ಆಗಸ್ಟ್ ಕೊನೆಗೆ ಬೀದಿಯ ಬೇಸಿಗೆ ಹಬ್ಬ, ಇಲ್ಲಿ ಬೇಸಿಗೆ ಆಗಲೇ. ಪ್ರತಿವರ್ಷ ಅವಳು ಪಾಸ್ತೆಲ್ ಕರಿದು ಮಾರುತ್ತಿದ್ದಳು. ಪಾಸ್ತೆಲ್ ಎಂದರೆ ನಮ್ಮ ಕರ್ಜಿಕಾಯಿಗೆ ಸಿಹಿ ಬದಲು ಮಾಂಸ, ಚೀಸು ತುಂಬಿದ ಹಾಗೆ. ವರ್ಷವಿಡೀ ಡಬ್ಬಿಗೆ ಉಪ್ಪಿನಕಾಯಿ ಇಡುವವಳು ಆ ಒಂದು ಸಂಜೆ ರಾಣಿಯಂತೆ ಬಾಣಲೆಯ ಮುಂದೆ ನಿಲ್ಲುತ್ತಿದ್ದಳು. ಈ ವರ್ಷ ಸಂಘದವರು ಅವಳಿಗೆ, ‘ದಣಿದಿರುತ್ತೀರಿ, ಈ ಸಲ ವಿಶ್ರಾಂತಿ ತೆಗೆದುಕೊಳ್ಳಿ’ ಎಂದರು. ಇಲ್ಲಿ ಬೇಡ ಎನ್ನುವುದು ಹೀಗೆ. ಆಮೇಲೆ ಅದೇ ಜಾಗದಲ್ಲಿ ಇಂಡಿಯಾದ ತಿಂಡಿ ಮಾಡುತ್ತೀರಾ ಎಂದು ನನ್ನ ಮನೆಗೆ ಬಂದರು. ನಾನು ಬೋಂಡಾ ಎಂದೆ. ಬಾಯಿ ಆಗ ಸಲೀಸಾಗಿ ತೆರೆದುಕೊಂಡಿತು.

ತಂಗಿ ಬಂದದ್ದು ಈ ಹೊತ್ತಿನಲ್ಲಿ. ಬಂದವಳು ಚಪ್ಪಲಿ ಬಿಡುತ್ತಲೇ ತನ್ನ ಕೆಲಸದ ನಿಯಮ ಹೇಳಿದಳು.

“ಅಕ್ಕ, ನಾನು ಕ್ವೆಶ್ಚನ್ ತಗೊಂಡ್ ಬರೋ ಹಾಗಿಲ್ಲ. ಯಾವ ವಿಷಯ ಅಂತ ಇಲ್ಲಿನ ಜನಾನೇ ಡಿಸೈಡ್ ಮಾಡ್ಬೇಕು. ನಾನು ಅವರ ಜೊತೆ ಕೂತು ಕೆಲಸ ಮಾಡ್ಬೇಕು ಅಷ್ಟೇ.”

“ಮತ್ತೆ ನೀನ್ ಓದಿದ್ದು ಯಾತಕ್ಕೆ?”

“ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳೋದು ಹೇಗೆ ಅಂತ ಕಲಿಯೋಕೆ ಕಣೇ.”

ಅವಳ ಮನಸ್ಸಿನಲ್ಲಿ ಮಾತ್ರ ದೊಡ್ಡ ವಿಷಯಗಳೇ ಇದ್ದವು. ವಿದೇಶಿಯರಿಗೆ ಬಾಡಿಗೆ ಮನೆ ಕೊಡುವುದಿಲ್ಲ, ಪೊಲೀಸರು ಸುಮ್ಮಸುಮ್ಮನೆ ಗುರುತಿನ ಕಾರ್ಡು ಕೇಳುತ್ತಾರೆ, ಇಂಥವು. ಒಂದು ವಾರ ಮನೆಮನೆಗೆ ಹೋಗಿ, ಪೆಚ್ಚುಮೋರೆ ಹಾಕಿಕೊಂಡು ಬಂದಳು.

“ಎಲ್ಲರೂ ಒಂದೇ ಹೇಳ್ತಾರಲ್ಲೇ. ಕಸ! ಜಪಾನಿನವರಿಗೂ ಕಸ, ಬ್ರೆಜಿಲ್‌ನವರಿಗೂ ಕಸ.”

“ಕಾಗೆ ಕಾಟ ಜಾಸ್ತಿ ಇಲ್ಲಿ. ಕಾಗೆ ಬಗ್ಗೆ ಮಾಡ್ಬಾರ್ದಾ?” ಎಂದೆ.

“ಕಾಗೆ ವಿಷಯದಲ್ಲಿ ರೇಸಿಯಲ್ ಜಸ್ಟಿಸ್ ಎಲ್ಲಿಂದ ತರ್ಲಿ?”

“ಅವೂ ಕಪ್ಪಗಿವೆಯಲ್ಲ ಪಾಪ.”

ಅವಳು ನಗಲಿಲ್ಲ. ಕೆಳಮನೆಯವಳ ಜೊತೆ ಕೂತು ಬೋರ್ಡಿನ ಕಥೆ, ಪಾಸ್ತೆಲ್ಲಿನ ಕಥೆ ಎಲ್ಲ ಕೇಳಿಸಿಕೊಂಡು ಬಂದಿದ್ದಳು. ಕಣ್ಣು ಹೊಳೆಯುತ್ತಿತ್ತು. “ಯಾವ ಪ್ರೂಫೂ ಇಲ್ದೆ ಆಕೆ ಮೇಲೆ ಹಾಕಿದ್ದಾರೆ ಅಕ್ಕ. ಇದೇ ನನ್ನ ಪ್ರಾಜೆಕ್ಟು. ಎಲ್ಲರನ್ನೂ ಒಂದೇ ಕಡೆ ಕೂರಿಸಿ ಮಾತಾಡಿಸ್ತೀನಿ.” ನಾನು ಅವಳಿಗೆ ಇನ್ನೊಂದು ಚಪಾತಿ ಹಾಕಿದೆ. ಬಾಯಿ ತುಂಬಿದ್ದರೆ ಪ್ರಶ್ನೆ ಬರುವುದಿಲ್ಲ.

ಬೀದಿಯ ಸಂಘದ ಹಾಲ್‌ನಲ್ಲಿ ಭಾನುವಾರ ಸಭೆ. ಕೆಳಮನೆಯವಳು ಹಬ್ಬಕ್ಕೆ ಹೋಗುವಂಥ ಬಟ್ಟೆ ಹಾಕಿಕೊಂಡು ಬಂದಿದ್ದಳು. ಎಲ್ಲರಿಗೂ ತಣ್ಣಗಿನ ಬಾರ್ಲಿ ಟೀ. ತಂಗಿ ಎದ್ದು ನಿಂತು, ತಲೆಬಾಗಿ, ಆ ದಿನ ನಿಜವಾಗಿ ನಡೆದದ್ದೇನು, ಕೆಳಮನೆಯವರೇ ಎಂದು ನಿರ್ಧರಿಸಿದ್ದು ಹೇಗೆ ಎಂದು ಕೇಳಿದಳು.

ಕಾಯ್ಚೋ-ಸಾನ್ ನನ್ನ ಕಡೆ ನೋಡಲೇ ಇಲ್ಲ. ಹೇಳಿದವರ ಹೆಸರು ಹೇಳುವುದು ಅವರ ಮರ್ಯಾದೆಗೆ ಒಗ್ಗುವುದಿಲ್ಲ. ಬದಲಿಗೆ ಜೇಬಿನಿಂದ ಒಂದು ಜಿಪ್ ಇರುವ ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ನನ್ನ ಗ್ಯಾಸ್ಕೆಟ್.

ಆ ಕಸದಲ್ಲಿ ಇದು ಸಿಕ್ಕಿತು, ಇದು ಎಂಜಿನ್ನಿನ ಸೀಲು, ಕೆಳಮನೆಯವರ ಮಗ ಎಂಜಿನ್ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾನೆ ಎಂದು ಬಹಳ ಸಂಕೋಚದಿಂದ ಹೇಳಿದರು. ಆ ರಬ್ಬರ್ ಉಂಗುರ ಕೈಯಿಂದ ಕೈಗೆ ಹೋಯಿತು. ಆ ಹಾಲ್‌ನಲ್ಲಿ ಕೂತ ಮುದುಕರೆಲ್ಲ ಕಾರ್ಖಾನೆಯಲ್ಲಿ ಕೂದಲು ಹಣ್ಣಾದವರು. ಒಬ್ಬರು ಎಳೆದು ನೋಡಿದರು. ಒಬ್ಬರು ಕನ್ನಡಕ ಏರಿಸಿ, ಬೈಕಿನದಾಗಲು ಇದು ಬಹಳ ದೊಡ್ಡದು, ದೋಣಿಯ ಮೋಟರಿನದು ಎಂದರು. ಇನ್ನೊಬ್ಬರು ಒಪ್ಪದೆ ಟ್ರ್ಯಾಕ್ಟರು ಎಂದರು.

‘ನನ್ನ ಮಗ ದೋಣಿ ಮಾಡುವುದಿಲ್ಲ!’ ಎಂದು ಕೆಳಮನೆಯವಳು ಕೂಗಿದಳು.

ಉಂಗುರ ತಂಗಿಯ ಕೈಗೆ ಬಂತು. ಅವಳು ಅದನ್ನು ನೋಡಿದಳು. ಆಮೇಲೆ ಮೂಗಿನ ಹತ್ತಿರ ಹಿಡಿದಳು. ಎಷ್ಟು ತೊಳೆದರೂ ಕುಕ್ಕರಿನ ಗ್ಯಾಸ್ಕೆಟ್ಟಿಗೆ ಬೇಳೆ ಬೆಂದ ವಾಸನೆ ಹೋಗುವುದಿಲ್ಲ.

“ಅಕ್ಕಾ,” ಎಂದಳು ಮೆಲ್ಲಗೆ. “ಇದು ನಮ್ ಕುಕ್ಕರ್ದು.”

“ಯಾರಾದ್ರೂ ಕುಕ್ಕರ್ ಇಟ್ಕೊಂಡಿರೋರು ಇರ್ಬಹುದು ಕಣೇ.”

“ಈ ಬೀದೀಲಿ? ತೊಗರಿಬೇಳೆ ಬೇಯಿಸೋರು?”

“ನಗ್ತಾ ಮಾತಾಡು, ಎಲ್ಲ ನೋಡ್ತಿದಾರೆ.”

“ನಗೋದಾ? ಆ ತಾತನ್ನ ರೇಸಿಸ್ಟ್ ಅಂತ ಬರ್ದು ಪ್ರೊಫೆಸರಿಗೆ ಕಳ್ಸಾಗಿದೆ ಕಣೇ!”

“ಬರಿ. ಬೋರ್ಡ್ ಹಾಕಿದ್ದು ಅವರೇ ತಾನೆ?”

“ಹಾಕ್ಸಿದ್ದು ಯಾರು?”

ನನ್ನ ಬೆರಳಿನ ವಿಷಯ ತಂಗಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅವಳು ನನ್ನ ಮುಖದಲ್ಲೇ ಓದಿಕೊಂಡಳು. ಜನರೆಲ್ಲ ನಮ್ಮಿಬ್ಬರನ್ನು ನೋಡಿ ವಿನಯದಿಂದ ಮುಗುಳ್ನಗುತ್ತಿದ್ದರು. ಏನು ಹೇಳುತ್ತಿದ್ದೀರಿ ಎಂದು ಯಾರೋ ಕೇಳಿದರು. ಕನ್ನಡ ತಿಳಿದವರು ಆ ಹಾಲ್‌ನಲ್ಲಿ ನಾವಿಬ್ಬರೇ. ತಂಗಿ ಏನೋ ಒಂದು ಹೇಳಿ ನನ್ನನ್ನು ಉಳಿಸಬಹುದಿತ್ತು. ಉಳಿಸುತ್ತಾಳೆ ಎಂದುಕೊಂಡೆ. ನಾನು ಎತ್ತಿ ಆಡಿಸಿದ ಕೂಸು.

ಅವಳು ಉಂಗುರವನ್ನು ನನ್ನ ಕೈಯಲ್ಲಿಟ್ಟಳು. “ನಾನ್ ಟ್ರಾನ್ಸ್‌ಲೇಟ್ ಮಾಡಲ್ಲ. ನೀನೇ ಹೇಳು.”

ಎದುರಿಗೆ ಕೆಳಮನೆಯವಳು ಕೂತಿದ್ದಳು. ‘ಹೆದರಬೇಡ, ಹೇಳು’ ಎನ್ನುವ ಹಾಗೆ ತಲೆಯಾಡಿಸಿದಳು. ನಾನು ಯಾರನ್ನೋ ಹಿಡಿದುಕೊಟ್ಟೇನೆಂದು ಅವಳಿಗೆ ಆಸೆ. ಬೈದಿದ್ದರೆ ಬಹುಶಃ ನಾನು ಸುಳ್ಳೇ ಹೇಳುತ್ತಿದ್ದೆ. ಆ ತಲೆಯಾಡಿಸಿದ್ದನ್ನು ತಡೆಯಲಾಗಲಿಲ್ಲ.

ನನ್ನ ಜಪಾನಿಯಲ್ಲಿ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಇದು ನನ್ನ ಮನೆಯದು, ಎಂದೆ. ಅನ್ನ ಬೇಯಿಸುವ ಪಾತ್ರೆಯದು. ಗಾಜು ನನ್ನದು. ಇವರು ಮಾಡಿಲ್ಲ. ನಾನು ಇವರ ಮನೆ ತೋರಿಸಿದೆ, ತೋರಿಸಿದರೆ ನೀವು ನಂಬುತ್ತೀರಿ ಎಂದು ನನಗೆ ಗೊತ್ತಿತ್ತು. ಸುಮಿಮಾಸೆನ್.

ಟ್ರ್ಯಾಕ್ಟರು ಎಂದವರು ದೋಣಿ ಎಂದವರ ಕಡೆ ನೋಡಿದರು. ಕಾಯ್ಚೋ-ಸಾನ್ ಎದ್ದು ನಿಂತು ಕೆಳಮನೆಯವಳಿಗೆ ಸೊಂಟದವರೆಗೆ ಬಾಗಿದರು. ಅವರಿಗಿಂತ ಕೆಳಗೆ ಬಾಗಬೇಕೆಂದು ನಾನು ಬಾಗಿದೆ. ಉಳಿದವರೂ ಬಾಗಿದರು. ಹಾಲ್‌ನಲ್ಲಿ ನೆಟ್ಟಗೆ ಇದ್ದವಳು ಅವಳೊಬ್ಬಳೇ. ಬಹಳ ಹೊತ್ತು ನಾವು ಹಾಗೇ ಇದ್ದೆವು.

ಎಲ್ಲರೂ ಮತ್ತೆ ಕೂತ ಮೇಲೆ ಕಾಯ್ಚೋ-ಸಾನ್ ನನ್ನ ಕೈಯಲ್ಲಿದ್ದ ಉಂಗುರ ನೋಡಿ, ಹಾಗಾದರೆ ಇದು ಯಾವ ಕಸಕ್ಕೆ ಸೇರುತ್ತದೆ ಎಂದು ಕೇಳಿದರು. ಸುಡುವುದೋ ಸುಡದ್ದೋ ಯಾರಿಗೂ ಖಾತ್ರಿಯಿರಲಿಲ್ಲ. ಅದನ್ನು ಕುರಿತು ನಡೆದ ಚರ್ಚೆಯೇ ಆ ಸಭೆಯಲ್ಲಿ ಅತಿ ಉದ್ದದ್ದು.

ಪೋರ್ಚುಗೀಸ್ ಬೋರ್ಡನ್ನು ಇವತ್ತೇ ತೆಗೆಸುತ್ತೇನೆ ಎಂದರು ಕಾಯ್ಚೋ-ಸಾನ್. ಬೇಡ, ಎಂದಳು ಕೆಳಮನೆಯವಳು. ಮೇಲೆ ಜಪಾನಿಯಲ್ಲಿ ಬರೆಸಿ, ಕೆಳಗೆ ಇವಳ ಭಾಷೆಯಲ್ಲೂ ಬರೆಸಿ. ಇವಳದು ದೊಡ್ಡ ಅಕ್ಷರದಲ್ಲಿ. ಹಾಗಾಗಿ ಹಮಾಮತ್ಸುವಿನ ನಮ್ಮ ಬೀದಿಯಲ್ಲಿ ಈಗ ‘ಗಾಜು, ತಗಡು ಬೇರೆ ಇಡಿ, ಬಲೆ ಹೊದಿಸಿ’ ಎಂದು ದುಂಡು ಕನ್ನಡದಲ್ಲಿದೆ. ಬರೆದವಳು ತಂಗಿ. ಅದನ್ನು ಓದಲು ಬರುವವರು ನಾನು, ನನ್ನ ಗಂಡ. ಅವರು ಕಸ ಮುಟ್ಟುವುದಿಲ್ಲ.

ತಂಗಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಮೊದಲು ಬರೆದದ್ದನ್ನು ವಾಪಸ್ ತರಿಸಿಕೊಂಡು ಹೊಸದಾಗಿ ಬರೆದಳು. ನಾಲ್ಕನೆಯ ದಿನ ತಟ್ಟೆ ಮುಂದೆ ಕೂತು, “ನಿನ್ ಹೆಸರು ಹಾಕಿಲ್ಲ,” ಎಂದಳು.

“ನನ್ ಮೇಲಿನ ಪ್ರೀತಿಗಾ?”

“ಹೆಸರು ಹಾಕ್ಬಾರ್ದು ಅಂತ ರೂಲ್ ಇದೆ. ‘ಒಬ್ಬ ನಿವಾಸಿ’ ಅಂತ ಹಾಕಿದೀನಿ. ಹುಳಿ ಹಾಕು.”

ಹಬ್ಬದ ಜಾಗ ಬೇಡವೆಂದು ನಾನೇ ಹೋಗಿ ಹೇಳಿದೆ. ಸಂಘದವರು ಕೆಳಮನೆಗೆ ಕೇಳಲು ಹೋದರೆ ಅವಳು, ‘ದಣಿದಿರುತ್ತೀರಿ, ನೀವು ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಬಾಗಿಲು ಹಾಕಿದಳಂತೆ. ಎರಡನೆಯ ಸಲ ಹೋದಾಗ ಒಪ್ಪಿದಳು, ಒಂದು ಷರತ್ತಿನ ಮೇಲೆ.

ಆ ಸಂಜೆ ಅವಳು ಬಾಣಲೆಯ ಮುಂದೆ ನಿಂತಳು. ಬೆಲ್ಟಿನ ಮುಂದೆ ಅವಳು ಇನ್ನೂ ನನ್ನ ಜೊತೆ ಮಾತು ಶುರುಮಾಡಿರಲಿಲ್ಲ, ಅಲ್ಲೂ ಮಾಡಲಿಲ್ಲ. ಹಿಟ್ಟು ಮುಟ್ಟಲು ಬಿಡಲಿಲ್ಲ, ಎಣ್ಣೆಯ ಹತ್ತಿರ ಸೇರಿಸಲಿಲ್ಲ. ಷರತ್ತಿನಂತೆ ನಾನು ಅಂಗಡಿಯ ಪಕ್ಕದಲ್ಲಿ ಸುಡುವುದಕ್ಕೊಂದು, ಪ್ಲಾಸ್ಟಿಕ್ಕಿಗೊಂದು, ಬಾಟಲಿಗೊಂದು ಚೀಲ ಕಟ್ಟಿಕೊಂಡು ನಿಂತಿದ್ದೆ. ತಿಂದು ಮುಗಿಸಿದವರು ಖಾಲಿ ತಟ್ಟೆ ಹಿಡಿದು ಇದನ್ನು ಎಲ್ಲಿ ಹಾಕಲಿ ಎಂದು ಅವಳನ್ನು ಕೇಳುತ್ತಿದ್ದರು. ಅವಳು ಬಾಯಿ ತೆರೆಯುತ್ತಿರಲಿಲ್ಲ. ಜಾಲರಿ ಸೌಟು ಹಿಡಿದ ಕೈಯಲ್ಲೇ ಒಂದು ಬೆರಳು ಬಿಡಿಸಿ ನನ್ನ ಕಡೆ ತೋರಿಸುತ್ತಿದ್ದಳು.