ಮುನವಳ್ಳಿಯ ಹೀಬ್ರೂ ಮಾಸ್ತರರು
ನಮ್ಮ ಮುನವಳ್ಳಿಯಲ್ಲಿ ಹಳೆಯ ಹೀಬ್ರೂ ಬಲ್ಲವರೊಬ್ಬರಿದ್ದಾರೆ, ನಿಮ್ಮೂರಲ್ಲಿದ್ದರೆ ತೋರಿಸಿ. ಪಾದ್ರಿಗಳಾಗುವವರಿಗೆ ಆ ಭಾಷೆ ಕಲಿಸಿ ನಿವೃತ್ತರಾದ ಸಮುವೇಲಪ್ಪ ಮಾಸ್ತರರು ದಿನಾ ನನ್ನ ಚಹಾದಂಗಡಿಗೆ ಬರುತ್ತಾರೆ. ಆ ಭಾಷೆಯ ವಾಕ್ಯದಲ್ಲಿ ಹೆಚ್ಚಾಗಿ ಕ್ರಿಯಾಪದವೇ ಮೊದಲಂತೆ. ಅದಕ್ಕೇ ಇವರೂ “ಬಂದೇನಿ ನಾ, ಕೊಡಪಾ ಚಹಾ” ಎನ್ನುತ್ತಾರೆ. ಪೇಪರನ್ನೂ ಹೀಬ್ರೂ ಪುಸ್ತಕದಂತೆ ಕೊನೆಯ ಪುಟದಿಂದ ಓದುತ್ತಾರೆ. ಬೆಂಚಿನ ಮೇಲೆ ನೀರಲ್ಲಿ ಅದ್ದಿದ ಬೆರಳಿಂದ ಬಲದಿಂದ ಎಡಕ್ಕೆ ಬರೆದು, ಎತ್ತಿನ ವ್ಯಾಪಾರಿಯನ್ನೂ ಬಿಡದೆ ಪಾಠ ಹೇಳುತ್ತಾರೆ: “ಬರೀತಿದ್ರು ಹಳೇ ಮಂದಿ ಬರೇ ವ್ಯಂಜನ. ಇರ್ತಿದ್ವು ಸ್ವರ ಓದಾವ್ರ ಬಾಯಾಗ. ಮರೀಬಾರ್ದಂತ ಸ್ವರಕ್ಕ ಚುಕ್ಕಿ ಇಟ್ರು ಪಂಡಿತರು, ಎಷ್ಟೋ ಕಾಲದ ಮ್ಯಾಲೆ.” “ಸತ್ತ ಭಾಷಾ ಕಲ್ತು ಏನ್ ಸಿಕ್ತ್ರೀ ಮಾಸ್ತರ?” ಎಂದು ನಕ್ಕವನ ಕೈಯಿಂದ ನಾನು ಅರ್ಧ ಕುಡಿದ ಕಪ್ಪು ಕಸಿದುಕೊಂಡದ್ದುಂಟು. ಮಾಸ್ತರರು ಮಾತ್ರ ತಣ್ಣಗೆ, “ಎದ್ದೇತಿ ಅದು. ಮಾತಾಡ್ತಾವ ಈಗ ಆ ದೇಶದ ಕೂಸುಗೋಳು ಅದರಾಗ” ಎಂದರು. ಹೋದ ವರ್ಷ ಅವರ ಮನೆಯಾಕೆ ಕರುಣವ್ವನಿಗೆ ಲಕ್ವಾ ಹೊಡೆದು ಮಾತು ಮುರಿಯಿತು. ಆಕೆಯ ಬಾಯಿಂದ ಬರುವುದು ಒಂದೆರಡು ತುಂಡು ಸದ್ದು. ಹೆತ್ತ ಮಕ್ಕಳಿಗೂ ತಿಳಿಯದಾದಾಗ ಆಕೆ ಮಾತಾಡುವುದನ್ನೇ ಬಿಡತೊಡಗಿದ್ದಳು. ಮಾಸ್ತರರು ಬಿಡಲಿಲ್ಲ. ಎದುರಿಗೆ ಕೂತು, ಆಕೆಯ ತುಟಿ ನೋಡುತ್ತ, ಒಂದೊಂದು ತುಂಡಿಗೂ ಬೇರೆ ಬೇರೆ ಸ್ವರ ಹಚ್ಚಿ ಕೇಳುತ್ತಾರೆ. ಆಕೆ ಅಲ್ಲವೆಂದು ತಲೆಯಾಡಿಸಿದರೆ ಮತ್ತೆ ಮೊದಲಿನಿಂದ. ಮೊನ್ನೆ ನಾನು ಹಾಲು ಕೊಡಲು ಹೋದಾಗ ಆಕೆ ನನ್ನತ್ತ ನೋಡಿ ಏನೋ ಅಂದಳು. ಮಾಸ್ತರರು ಬಹಳ ಹೊತ್ತು ತಡಕಾಡಿ, “ಅನ್ನಾಕತ್ತಾಳ ಇಕಿ, ಉಂಡು ಹೋಗು ಲಕ್ಷ್ಮಣ ಅಂತ” ಎಂದರು. ಕರುಣವ್ವ ಹೌದೆಂದು ತಲೆಯಾಡಿಸಿದಳು. ನಾನು ಉಂಡೇ ಬಂದೆ.