ಒಗೆಯುವ ಕಲ್ಲು ಬೆಂಚಾದದ್ದು

೧೯೮೪ರ ಬೇಸಿಗೆಯಲ್ಲಿ ಜೆ.ಪಿ. ನಗರದ ನಮ್ಮ ಮನೆಯ ಹಿಂದಿದ್ದ ಕೆರೆಯ ದಂಡೆಯನ್ನು ಉದ್ಯಾನ ಮಾಡಿದರು. ಅದಕ್ಕೆ ಮೊದಲು ಅಲ್ಲಿ ಜಾಲಿ ಬೆಳೆದಿತ್ತು, ಲಾರಿಗಳು ಮಣ್ಣು ಸುರಿಯುತ್ತಿದ್ದವು. ನೀರಂಚಿನಲ್ಲಿ ಏಳೆಂಟು ಒಗೆಯುವ ಕಲ್ಲುಗಳಿದ್ದವು.

ನಾನು ಆಗ ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಉಪಸಂಪಾದಕ. ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಸುತ್ತಲಿನ ಸೈಟುಗಳೆಲ್ಲ ಖಾಲಿ. ಎದ್ದು ಹಿತ್ತಲ ಬಾಗಿಲು ತೆರೆದರೆ ಬಟ್ಟೆ ಬಡಿಯುವ ಸದ್ದು, ಬಡಾವಣೆಗೂ ಮೊದಲಿನಿಂದಿದ್ದ ಪಕ್ಕದ ಹಳ್ಳಿಯ ಹೆಂಗಸರ ಮಾತು. ಹಗಲಿನಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ ಅಷ್ಟೇ.

"ಪೇಪರ್ ಸಾಮಿ, ಇವತ್ತೂ ಅನ್ನ ಸೀದೋಯ್ತಾ? ವಾಸ್ನೆ ಇಲ್ಲೀಗಂಟ ಬಂತು!" ಎಂದು ಅವರಲ್ಲಿ ಹಿರಿಯರಾದ ಅಜ್ಜಿ ಕೂಗುತ್ತಿದ್ದರು. ಉಳಿದವರು ನಗುತ್ತಿದ್ದರು.

ಉದ್ಯಾನದ ವಿನ್ಯಾಸಕಾರರು ಸೌಮ್ಯ ಸ್ವಭಾವದವರು. ನಕ್ಷೆಯನ್ನು ದಂಡೆಯ ಮೇಲೆ ಹರಡಿ ಹೆಂಗಸರಿಗೂ ತೋರಿಸಿದರು.

"ಇದ್ರಾಗೆ ನಮ್ ಕಲ್ಲೆಲ್ಲೈತೆ?" ಎಂದರು ಅಜ್ಜಿ. ಅವರದು ಅತ್ತೆಯಿಂದ ಬಂದ ಕಲ್ಲು, ಒಗೆದು ಒಗೆದು ನಡುವೆ ಹಳ್ಳ ಬಿದ್ದಿತ್ತು.

"ಒಂದು ಕಲ್ಲನ್ನೂ ಬಿಸಾಕಲ್ಲ ಅಜ್ಜಿ. ಮಾತು ಕೊಡ್ತೀನಿ."

ಮಾತು ಉಳಿಸಿಕೊಂಡರು. ಕೆಲಸ ಮುಗಿದಾಗ ಕಲ್ಲುಗಳೆಲ್ಲ ಹೊಂಗೆ ಸಸಿಗಳ ಪಕ್ಕದಲ್ಲಿ, ಗಾರೆಯ ಕಾಲುಗಳ ಮೇಲೆ, ನೀರಿಗೆ ಮುಖ ಮಾಡಿದ ಬೆಂಚುಗಳಾಗಿದ್ದವು. ಬೆಂಚಿಗೂ ನೀರಿಗೂ ನಡುವೆ ಕಬ್ಬಿಣದ ಕಟಕಟೆ. ಹೆಂಗಸರು ತಂತಮ್ಮ ಬೀದಿಯ ನಲ್ಲಿಗಳಿಗೆ ಹೋದರು.

ಅಜ್ಜಿ ಒಮ್ಮೆ ಬಂದು ತಮ್ಮ ಕಲ್ಲಿನ ಮೇಲೆ ಕುಳಿತರು. ನಾನು ಪಕ್ಕದ ಬೆಂಚಿನಲ್ಲಿ ಕುಳಿತೆ. ಅಜ್ಜಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಟಕಟೆಯಾಚೆಯ ನೀರು ನೋಡಿದರು.

"ಕೈ ಸುಮ್ಕಿದ್ರೆ ಮಾತೇ ಬರಾಕಿಲ್ಲ ಸಾಮಿ," ಎಂದು ಎದ್ದು ಹೋದರು.

ವಿನ್ಯಾಸಕಾರರು ಮತ್ತೆ ಬಂದಾಗ ಅಜ್ಜಿ ಕಲ್ಲು ವಾಪಸ್ ಕೇಳಿದರು.

"ಸಿಮೆಂಟ್ ಹಿಡಿದುಬಿಟ್ಟಿದೆ ಅಜ್ಜಿ, ಕಿತ್ರೆ ಒಡೆದುಹೋಗುತ್ತೆ. ಕಲ್ಲು ನಿಮ್ದೇ. ಯಾವಾಗ ಬೇಕಾದ್ರೂ ಬಂದು ಕೂತ್ಕೊಳ್ಳಿ."

"ಕೂತ್ಕೊಂಡು?"

ಅವರು ಹೊಂಗೆ ಸಸಿಗಳನ್ನು ನೋಡಲು ಹೋದರು.

ಮುಂದಿನ ವಾರ ಅಜ್ಜಿ ಗಿಡಗಳ ನಲ್ಲಿಯಿಂದ ಬಕೆಟ್ ತುಂಬಿಕೊಂಡು ಬೆಂಚಿನ ಮೇಲೆ ಸೀರೆ ಒಗೆಯತೊಡಗಿದರು. ಕಾವಲುಗಾರ ಸೀಟಿ ಊದಿದ.

"ಊದು ಊದು, ಐಕ್ಳು ಆಟಕ್ಕೆ ಬರ್ಲಿ. ನನ್ ಕಲ್ಲು ಕಣಪ್ಪಾ, ಆ ಸಾಹೇಬ್ರೇ ಅಂದವ್ರೆ."

'ಇಲ್ಲಿ ಬಟ್ಟೆ ಒಗೆಯಬಾರದು' ಎಂಬ ಫಲಕ ಬಂತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಎರಡು ವರ್ಷ ಬೆಳಗಿನಲ್ಲಿ ಒಬ್ಬರೇ ಬಡಿಯುವ ಸದ್ದು ಕೇಳುತ್ತಿತ್ತು. ನನ್ನ ಅನ್ನ ಸೀದರೆ ಅಲ್ಲಿಂದಲೇ ಕೂಗುತ್ತಿದ್ದರು.

೧೯೮೭ರಲ್ಲಿ ಅಜ್ಜಿ ತಲಘಟ್ಟಪುರದ ಮಗಳ ಮನೆಗೆ ಹೋದರು. ಈಗ ಬೆಳಿಗ್ಗೆ ಆ ಬೆಂಚುಗಳಲ್ಲಿ ನಿವೃತ್ತರು ಪತ್ರಿಕೆ ಓದುತ್ತಾರೆ. ಹಳ್ಳ ಬಿದ್ದ ಕಲ್ಲಿನಲ್ಲಿ ಮಳೆನೀರು ನಿಲ್ಲುವುದರಿಂದ ಅದರ ಮೇಲೆ ಯಾರೂ ಕೂರುವುದಿಲ್ಲ.