ಅಧ್ಯಕ್ಷರ ಅಂಗಡಿ ಮುಂದೆ ಧರಣಿ

ದೇವಾಪುರದ ಆಚೆ ಒಂದು ಹಳ್ಳಿಯಲ್ಲಿ, ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ದೇವಿಂದ್ರಪ್ಪ ಊರಿನ ಯುವಜನ ಸಂಘಕ್ಕೆ ಹತ್ತೊಂಬತ್ತು ವರ್ಷಗಳಿಂದ ಅಧ್ಯಕ್ಷ. ವಯಸ್ಸು ನಲವತ್ತೊಂದು. ಮೀಸೆಗೆ ಬಣ್ಣ ಹಚ್ಚುತ್ತಿದ್ದ. ಸಂಘದವರೆಲ್ಲ ತನ್ನನ್ನು ‘ಅಣ್ಣಾರು’ ಎಂದೇ ಕರೆಯಬೇಕೆಂದು ತಾಕೀತು ಮಾಡಿದ್ದ.

ಮೂವತ್ತೈದು ದಾಟಿದವರು ಅಧ್ಯಕ್ಷರಾಗಿರುವಂತಿಲ್ಲ ಎಂಬುದು ಸಂಘದ ನಿಯಮ. ಅದನ್ನು ಬರೆದವನೂ ದೇವಿಂದ್ರಪ್ಪನೇ. ತನಗೆ ಇಪ್ಪತ್ತೆರಡು ಇದ್ದಾಗ, ಆಗಿನ ಅಧ್ಯಕ್ಷ ಮುದುಕನನ್ನು ಇಳಿಸಲೆಂದು ಬರೆದದ್ದು. ಆ ಮುದುಕನಿಗೆ ಆಗ ಮೂವತ್ತಾರು.

ಹಾಗಂತ ಅವನನ್ನು ಕೆಲಸಗೇಡಿ ಎನ್ನುವಂತಿಲ್ಲ. ಪ್ರತಿ ಭಾನುವಾರ ಶಾಲೆಯ ಕಟ್ಟೆಯ ಮೇಲೆ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮುಂದಾಳತ್ವದ ಪಾಠ ಹೇಳುತ್ತಿದ್ದ.

“ಸಾಹೇಬ್ರು ‘ಪರಿಶೀಲಿಸ್ತೀವಿ’ ಅಂದ್ರ ಏಳಬ್ಯಾಡ್ರಿ. ಚಹಾ ಕೊಟ್ರ ಕುಡೀರಿ, ಏಳಬ್ಯಾಡ್ರಿ. ಸಹಿ ಹಾಕಿದ್ರ ತಾರೀಖ ಕೇಳ್ರಿ. ತಾರೀಖ ಇಲ್ಲದ ಸಹಿ ಅಂದ್ರ ಬರೇ ಗೀಟು.”

ಪಾಠ ಚೆನ್ನಾಗಿತ್ತು. ಕೆಡಿಸುತ್ತಿದ್ದದ್ದು ಮೈಕು. ಅದು ಕೈಗೆ ಬಂದರೆ ದೇವಿಂದ್ರಪ್ಪ ಒಂದು ತಾಸು ಬಿಡುತ್ತಿರಲಿಲ್ಲ. ಕಾಲೇಜಿನ ಹೊತ್ತಿಗೆ ಊರಿಗೊಂದು ಬಸ್ಸು ಬಿಡಿ ಎಂದು ಕೇಳಲು ಸಂಘದವರು ಸುರಪುರದ ಬಸ್ ಡಿಪೋಗೆ ಮೂರು ಸಲ ಹೋಗಿದ್ದರು. ಮೂರು ಸಲವೂ ಭಾಷಣ ಮುಗಿಯುವಷ್ಟರಲ್ಲಿ ಸಾಹೇಬರು ಊಟಕ್ಕೆ ಎದ್ದು ಹೋಗಿದ್ದರು. ಮನವಿ ಪತ್ರ ಅಧ್ಯಕ್ಷರ ಜೇಬಿನಲ್ಲೇ ಬೆವರಿಗೆ ತೊಯ್ದು ವಾಪಸು ಬಂದಿತ್ತು.

ನಾಲ್ಕನೆಯ ಸಲ ಹೋಗಲು ಇನ್ನೊಂದು ವಾರವಿತ್ತು. ಒಂದು ಬೆಳಿಗ್ಗೆ ದೇವಿಂದ್ರಪ್ಪ ಅಂಗಡಿಗೆ ಬಂದು ಬಾಗಿಲು ತೆಗೆಯುವಾಗ ನೋಡಿದರೆ, ಎದುರಿಗೆ ಸಂಘದ ಕೆಂಪು ಜಮಖಾನಿ. ಅದರ ಮೇಲೆ ಬಿ.ಎ. ಓದುವ ಸಮ್ರೀನ್, ಟ್ರ್ಯಾಕ್ಟರ್ ಓಡಿಸುವ ಹಣಮೇಶ, ಹಿಂದೆ ಹತ್ತು ಮಂದಿ. ಧರಣಿ ಕಂಡರೆ ಅವನ ಕಾಲು ನಿಲ್ಲುವುದಿಲ್ಲ. ಯಾರ ಮೇಲೆ, ಯಾಕೆ ಎಂದೂ ಕೇಳದೆ ಮುಂದಿನ ಸಾಲಿಗೆ ಹೋಗಿ ಕೂತು, ಮುಷ್ಟಿ ಎತ್ತಿ ಕೂಗಿದ.

“ಬೇಕೇ ಬೇಕು.”

“ನ್ಯಾಯ ಬೇಕು,” ಅಂದರು ಎಲ್ಲರೂ.

ಹತ್ತು ಸಲ ಕೂಗಿ ಗಂಟಲು ಬಿಸಿಯಾದ ಮೇಲೆ ಸಮ್ರೀನ್ ಕಡೆ ತಿರುಗಿದ. “ಯಾರ ವಿರುದ್ಧ ಇದು, ಯವ್ವಾ?”

ಅವಳು ಕಾಗದ ಕೈಗಿಟ್ಟಳು. “ನಿಮ್ಮ ವಿರುದ್ಧನ್ರಿ, ಕಾಕಾ. ನಿಯಮದ ಪ್ರಕಾರ ಅಧ್ಯಕ್ಷಗಿರಿ ಬಿಡ್ಬೇಕು.”

ಅಧ್ಯಕ್ಷಗಿರಿ ಕೇಳಿದ್ದಕ್ಕಿಂತ ‘ಕಾಕಾ’ ಅಂದದ್ದೇ ಅವನಿಗೆ ಹೆಚ್ಚು ಚುಚ್ಚಿತು.

ಎದ್ದು ಒಳಗೆ ಹೋದ. ಕುರ್ಚಿಯ ಮೇಲೆ ಕೂತು, ಕಾಗದವನ್ನು ಎರಡು ಸಲ ಓದಿ, ಕೆಮ್ಮಿದ. “ಆತು. ಪರಿಶೀಲಿಸ್ತೀನಿ.”

ಒಬ್ಬರೂ ಅಲುಗಾಡಲಿಲ್ಲ.

ಅವನ ಹೆಂಡತಿ ರೇಣುಕಾದೇವಿ ಅಂಗಡಿ ಪಕ್ಕದಲ್ಲೇ ಇದ್ದ ತಮ್ಮ ಮನೆಯಿಂದ ಎಲ್ಲರಿಗೂ ಚಹಾ ತಂದಳು. ಕುಡಿದರು, ಏಳಲಿಲ್ಲ. “ಹತ್ತೊಂಬತ್ತ ವರ್ಷದಾಗ ನೀವು ಕಲಿಸಿದ್ದು ಇವತ್ತ ಕಣ್ಣಿಗಿ ಕಂಡ್ತು ನೋಡ್ರಿ,” ಅಂದಳು ಗಂಡನಿಗೆ.

ಅಷ್ಟರಲ್ಲಿ ಖಾಜಾಮಿಯಾ ತನ್ನ ಸುಟ್ಟ ಮೋಟರನ್ನು ಬೈಕಿನ ಮೇಲೆ ಕಟ್ಟಿಕೊಂಡು ಬಂದು, ಜಮಖಾನಿ ದಾಟಲಾಗದೆ ನಿಂತ. “ಸಹಿ ಮಾಡಿಬಿಡು ಭಾಯಿ. ನೀ ಕುರ್ಚಿ ಬಿಡೂತನ ನನ್ನ ಭತ್ತ ನೀರು ಕಾಣಂಗಿಲ್ಲ.”

“ನಾ ಬಿಟ್ರ ಮೈಕ್ ಯಾರ್ ಹಿಡೀತಾರ?” ದೇವಿಂದ್ರಪ್ಪ ಕೇಳಿದ.

“ಅದಕ್ಕ ಸ್ಟ್ಯಾಂಡ್ ಅದ್ರಿ,” ಅಂದ ಹಣಮೇಶ.

ದೇವಿಂದ್ರಪ್ಪ ಸಹಿ ಮಾಡಿದ. ಸಮ್ರೀನ್ ಕಾಗದ ನೋಡಿ, ತಿರುಗಿ ಅವನ ಮುಂದೆಯೇ ಹಿಡಿದಳು.

“ತಾರೀಖ, ಕಾಕಾ.”

ಬರೆದ.

ಮುಂದಿನ ಸೋಮವಾರ ಸುರಪುರದಲ್ಲಿ ಹೊಸ ಅಧ್ಯಕ್ಷೆ ಸಮ್ರೀನ್ ಎರಡೇ ನಿಮಿಷ ಮಾತಾಡಿದಳು. ಊಟದ ಹೊತ್ತಿಗೆ ಇನ್ನೂ ತಾಸಿತ್ತು. ಸಾಹೇಬರು ಹೊರಗೆ ಬಂದು ಮನವಿ ತೆಗೆದುಕೊಂಡರು. ದೇವಿಂದ್ರಪ್ಪನಿಗೆ ಸಂಘ ವಹಿಸಿದ್ದು ಜಮಖಾನಿ ಹೊರುವ ಕೆಲಸ. ಬಣ್ಣವಿಲ್ಲದ ಮೀಸೆಯ ಅವನು ಹಿಂದಿನ ಸಾಲಿನಲ್ಲಿ, ಎರಡು ನಿಮಿಷದ ಭಾಷಣ ಎಂಥ ಭಾಷಣ ಎಂದು ಗೊಣಗುತ್ತ ಕೂತಿದ್ದ.

“ಆತು, ಪರಿಶೀಲಿಸ್ತೀವಿ. ಇನ್ನ ಏಳ್ರಿ,” ಅಂದರು ಸಾಹೇಬರು.

ಯಾರೂ ಏಳಲಿಲ್ಲ. ಸಾಹೇಬರು ಗುಂಪಿನಲ್ಲಿ ವಯಸ್ಸಾದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿ, ದೇವಿಂದ್ರಪ್ಪನನ್ನು ಕಂಡರು. “ನೀವಾದ್ರೂ ಹೇಳ್ರಿ, ಹಿರೇರು.”

“ಇದೇ ಮಾತು ನಾನೂ ಹೇಳಿ ನೋಡೀನ್ರಿ ಸಾಹೇಬ್ರ,” ಅಂದ ದೇವಿಂದ್ರಪ್ಪ, ಜಮಖಾನಿಯ ಅಂಚು ಸರಿಮಾಡುತ್ತ. “ಇವ್ರು ಏಳಂಗಿಲ್ಲ. ನೀವು ತಾರೀಖ ಬರದ್ಬಿಡ್ರಿ.”